ಅವಲಕ್ಕಿ ಸರ ಪೆಟ್ಟಿಗೆಯಲ್ಲೇ ಇರಲಿ

ಕಾರ್ಡಿಫ್, ವೇಲ್ಸ್ (ಬ್ರಿಟನ್)
18 ಫೆಬ್ರವರಿ 2024, ಭಾನುವಾರ

ಅಮ್ಮನಿಗೂ ಅಪ್ಪಯ್ಯನಿಗೂ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಕಳೆದ ತಿಂಗಳ ಕೆಮ್ಮು ಪೂರ್ತಿ ಹೋಗಿದೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ, ಚಳಿಗೆ ಬೇಕಾದ ಬಟ್ಟೆ ಧಾರಾಳವಾಗಿದೆ. ಅದರ ಚಿಂತೆ ಬಿಟ್ಟುಬಿಡು.

ನಿನ್ನ ಪತ್ರ ಗುರುವಾರ ಬಂತು. ಗಣಪತಿ ಅಡಿಕೆ ಕೊನೆ ಕೊಯ್ಯುವಾಗ ಬಿದ್ದವನು ಇನ್ನು ಮರ ಹತ್ತುವ ಹಾಗಿಲ್ಲ, ಅದಕ್ಕೆ ಅವನ ಹೆಂಡತಿ ಸುಧಾ ಮನೆಯಲ್ಲೇ ಹಲಸಿನ ಹಪ್ಪಳದ ಉದ್ಯೋಗ ಹಿಡಿಯುತ್ತಾಳೆ ಎಂಬಲ್ಲಿಯವರೆಗೆ ಓದಿ ಸಂತೋಷಪಟ್ಟೆ. ಮುಂದಿನ ಸಾಲಿಗೆ ಎದೆ ಧಸಕ್ಕೆಂದಿತು. ನಿನ್ನ ಬಂಗಾರದ ಅವಲಕ್ಕಿ ಸರ ಅಡವಿಟ್ಟು ಮೂರು ಲಕ್ಷ ತರುವುದು, ಕೊಟ್ಟಿಗೆ ಕೆಡವಿ ಶೆಡ್ ಹಾಕುವುದು, ಯಂತ್ರ ತರುವುದು. ಅಮ್ಮ, ಈ ಪತ್ರ ಓದಿ ಮುಗಿಸುವವರೆಗಾದರೂ ಸರವನ್ನು ಪೆಟ್ಟಿಗೆಯಿಂದ ತೆಗೆಯಬೇಡ.

ಸುಧಾಳ ಲೆಕ್ಕವನ್ನು ನಾನು ಹಾಳೆಯ ಮೇಲೆ ಮತ್ತೆ ಹಾಕಿದೆ. ನೂರು ಹಪ್ಪಳದ ಕಟ್ಟಿಗೆ 350 ರೂಪಾಯಿ, ಹಲಸು ಮನೆಯದೇ, ಖಾರ ಉಪ್ಪು ಜೀರಿಗೆಗೆ 30, ಉಳಿದದ್ದೆಲ್ಲ ಲಾಭ ಎಂದು ಅವಳು ಬರೆದಿದ್ದಾಳೆ. ಅಂಗಡಿಯವರು ಶೇಕಡಾ 20 ಹಿಡಿದುಕೊಂಡರೆ ಕೈಗೆ ಬರುವುದು 280. ಅದರಲ್ಲಿ ಖಾರ ಉಪ್ಪಿನ 30 ಕಳೆಯಬೇಕು. ಕವರು, ಚೀಟಿಗೆ 15, ಒಡೆದು ಚೂರಾಗುವುದಕ್ಕೆ 15, ಸೌದೆಗೆ 10. ಉಳಿಯಿತು 210. ಒತ್ತಲು ಒಬ್ಬಳನ್ನು ಕರೆದರೆ ದಿನಕ್ಕೆ 400 ರೂಪಾಯಿ ಕೂಲಿ. ಇಬ್ಬರೂ ಸೇರಿ ದಿನಕ್ಕೆ 300 ಹಪ್ಪಳ ಮಾಡಿದರೆ ಒಂದು ಕಟ್ಟಿನ ಮೇಲೆ ಕೂಲಿಯೇ 133 ಬೀಳುತ್ತದೆ. ಸುಧಾಳ ಪಾಲಿಗೆ ಒಂದು ಕಟ್ಟಿನಿಂದ 77, ದಿನದ ಮೂರು ಕಟ್ಟಿಗೆ ಸೇರಿ 231. ಕೂಲಿಗೆ ಬಂದವಳಿಗೆ 400, ಒಡತಿಗೆ 231! ಮಳೆ ಹಿಡಿಯುವ ಮೊದಲು ಒಳ್ಳೆಯ ಬಿಸಿಲು 45 ದಿನ ಸಿಕ್ಕಿತು ಎಂದುಕೊ, ಎಲ್ಲ ಸೇರಿ 10,395 ರೂಪಾಯಿ. ಮೂರು ಲಕ್ಷಕ್ಕೆ ಶೇಕಡಾ 10ರ ಬಡ್ಡಿ ಎಂದರೂ ವರ್ಷಕ್ಕೆ 30,000. ಹಪ್ಪಳ ಮಾರಿ ಬಡ್ಡಿಯ ಅರ್ಧವೂ ಹುಟ್ಟುವುದಿಲ್ಲ. ಅಸಲಿಗೆ ಎಲ್ಲಿಗೆ ಹೋಗುವುದು?

ಬಿಸಿಲಿನ ಮಾತನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನೀನು ಉಂಡೆ ಕಟ್ಟಿ ಕೊಡುವುದು, ದೊಡ್ಡಮ್ಮ ಎಣ್ಣೆ ಸವರಿದ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತುವುದು, ನಾನು ಕೋಲು ಹಿಡಿದು ಚಾಪೆಯ ಪಕ್ಕ ಕಾಗೆ ಕಾಯುವುದು. ಒಂದು ಮೋಡ ಅಡ್ಡ ಬಂದರೆ ಮನೆಮಂದಿಯೆಲ್ಲ ಅಂಗಳಕ್ಕೆ ಓಡುತ್ತಿದ್ದೆವು. ಒಮ್ಮೆ ನೆನೆದ ಹಪ್ಪಳಕ್ಕೆ ಬೂಸಲು ಬಂದು ಇಡೀ ಚಾಪೆಯಷ್ಟನ್ನು ಗೊಬ್ಬರದ ಗುಂಡಿಗೆ ಸುರಿದಾಗ ನೀನು ಆ ಮಧ್ಯಾಹ್ನ ಊಟ ಮಾಡಲಿಲ್ಲ. ಅದು ಮನೆಗೆ ತಿನ್ನಲು ಮಾಡಿದ್ದು. ಸಾಲ ತಂದು ಮಾಡಿದ್ದು ಹಾಗಾದರೆ?

ಸುಧಾಳಿಗೆ ಬೇಡ ಎನ್ನುತ್ತಿಲ್ಲ. ಅವಳ ಕೈರುಚಿ ನನಗೆ ಗೊತ್ತು. ಹಪ್ಪಳ ಎರಡು ತಿಂಗಳ ಮಾತು, ಅದರ ದುಡ್ಡು ವರ್ಷವಿಡೀ ಅಂಗಡಿಯವರ ಕೈಯಲ್ಲಿ ಸಿಕ್ಕಿಕೊಳ್ಳುತ್ತದೆ. ಚಟ್ನಿಪುಡಿ, ಸಾರಿನ ಪುಡಿಗೆ ಮಳೆಗಾಲ ಬೇಸಗೆ ಎಂಬುದಿಲ್ಲ. ವಾರಕ್ಕೆ ನಾಲ್ಕು ಕಿಲೋ ಹುರಿದು ಪುಡಿ ಮಾಡಿ ಮಾರಲಿ, ಆ ದುಡ್ಡಿನಲ್ಲಿ ಮುಂದಿನ ವಾರದ್ದು. ಮೊದಲ ವರ್ಷ ಮನೆಯ ಮಿಕ್ಸಿಯೇ ಸಾಕು. ಆಪ್ತರಿಗೂ ಉದ್ದರಿ ಬೇಡ, ಮುಖ್ಯವಾಗಿ ಆಪ್ತರಿಗೆ ಬೇಡ.

ನನ್ನ ಪಕ್ಕದ ಮನೆಯ ಹೆಂಗಸು ಹಾಗೆಯೇ ಶುರು ಮಾಡಿದವರು. ವೆಲ್ಷ್ ಕೇಕ್ ಎಂದು ಇಲ್ಲಿಯ ಒಂದು ತಿಂಡಿ, ನಮ್ಮ ಕಾವಲಿಯಂಥದರ ಮೇಲೆಯೇ ಬೇಯಿಸುವುದು. ಮೊದಲ ವರ್ಷ ಅವರು ಹೊಸ ಒಲೆಯನ್ನೂ ಕೊಳ್ಳಲಿಲ್ಲವಂತೆ. ಆದರೆ ನಿಯಮ ನೋಡು: ಮಾರಲು ಶುರು ಮಾಡುವ 28 ದಿನ ಮೊದಲೇ ನಗರಸಭೆಯಂಥ ಕೌನ್ಸಿಲ್‌ನಲ್ಲಿ ನೋಂದಣಿ, ಅದಕ್ಕೆ ಶುಲ್ಕವಿಲ್ಲ. ಆಮೇಲೆ ಅಧಿಕಾರಿ ಅಡುಗೆಮನೆಗೇ ಬಂದು ಫ್ರಿಜ್ ತೆರೆಸಿ ನೋಡಿ ಸೊನ್ನೆಯಿಂದ 5ರವರೆಗೆ ಅಂಕ ಕೊಡುತ್ತಾರೆ. ಇವರ ಬಾಗಿಲಲ್ಲಿ 5ರ ಚೀಟಿ ಇದೆ. ಪರಸ್ಥಳದವರು ಬಂದು ನಮ್ಮ ಪಾತ್ರೆ ನೋಡುವುದೇ ಎಂದು ಅಪ್ಪಯ್ಯ ನಗಬಹುದು. ನನಗೆ ಅದು ಸರಿ ಎನಿಸಿತು. ನಿನ್ನ ಅಡುಗೆಮನೆಗೆ ಯಾರು ಬಂದರೂ 5 ಕೊಡದೆ ಹೋಗಲಾರರು.

ಊರಿನ ಕಾಗದಪತ್ರ ಹೀಗೆ ಎಂದು ಸುಧಾಳಿಗೆ ಓದಿ ಹೇಳು. ವರ್ಷದ ವಹಿವಾಟು 12 ಲಕ್ಷದ ಒಳಗಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. ಅವರು ಕೊಡುವ 14 ಅಂಕಿಯ ಸಂಖ್ಯೆಯನ್ನು, ತೂಕ, ಮಾಡಿದ ದಿನಾಂಕ, ಹಾಕಿದ ಸಾಮಾನು, ಹಸಿರು ಚುಕ್ಕೆ ಇವುಗಳ ಜೊತೆ ಪೊಟ್ಟಣದ ಮೇಲೆ ಹಾಕಬೇಕು. ಸಣ್ಣ ಉದ್ಯೋಗದವರಿಗಾಗಿ ಇರುವ ಸರಕಾರದ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಪೂರಾ ಉಚಿತ. ಅದಕ್ಕೆ ಸಾವಿರಾರು ರೂಪಾಯಿ ಕೇಳುವವರಿಗೆ ಕೊಡುವುದು ಬೇಡ. ಜಿಎಸ್‌ಟಿ ಮಾಡಿಸಿಕೊಡುತ್ತೇನೆಂದು ಪೇಟೆಯಲ್ಲಿ ಯಾರೋ ಹೇಳಿದ್ದಾರಂತಲ್ಲ, ಅದೂ ಈಗ ಬೇಡ. ಸರಕು ಮಾರುವವರಿಗೆ ಅದು 40 ಲಕ್ಷದ ಮೇಲಿನ ಮಾತು. ಸುಮ್ಮನೆ ತೆಗೆದುಕೊಂಡು ರಿಟರ್ನ್ ಸಲ್ಲಿಸತೊಡಗಿದರೆ ತಿಂಗಳಿಗೆ ಬರುವ ಗೃಹಲಕ್ಷ್ಮಿಯ 2,000 ನಿಲ್ಲುತ್ತದೆ. ಹಾಗೆಂದು ಪುಣೆಯ ಅಂಗಡಿಗೆ ಸರಕು ಕಳಿಸುವ ಯೋಚನೆ ಸದ್ಯ ಬಿಡಲಿ. ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಇರಲಿ ಜಿಎಸ್‌ಟಿ ಬೇಕು. ಸಾಗರ, ಶಿವಮೊಗ್ಗ ಸಾಲದೇ?

ಇನ್ನೊಂದು. ಯಂತ್ರ ಹಾಕಿ ಕರೆಂಟು 200 ಯೂನಿಟ್ ದಾಟಿದರೆ ಗೃಹಜ್ಯೋತಿ ಹೋಗಿ ಪೂರ್ತಿ ಬಿಲ್ ಬರುತ್ತದೆ. ಮನೆಯ ಮೀಟರಿನಲ್ಲಿ ಉದ್ಯೋಗದ ಯಂತ್ರ ಓಡಿಸಬಹುದೇ ಎಂದು ಮೆಸ್ಕಾಂನಲ್ಲಿ ಮೊದಲೇ ಕೇಳಲಿ. ಮನೆಯ ಸಿಲಿಂಡರ್ ಕೂಡ ವ್ಯಾಪಾರದ ಅಡುಗೆಗಲ್ಲ, ಸೌದೆ ಒಲೆ ಇದೆಯಲ್ಲ, ಅದರಲ್ಲೇ ಹುರಿಯಲಿ.

ಒಂದು ವರ್ಷದ ಲೆಕ್ಕದ ಪುಸ್ತಕ ಕೈಯಲ್ಲಿದ್ದು, ನಿಜವಾಗಿ ಯಂತ್ರ ಬೇಕೆನಿಸಿದರೆ ಆಗ ಬ್ಯಾಂಕಿಗೆ ಹೋಗಲಿ. ಮುದ್ರಾ ಸಾಲದಲ್ಲಿ ಶಿಶು ಎಂಬುದು 50,000ದವರೆಗೆ, ಅದಕ್ಕೆ ಅಡವು ಬೇಕಿಲ್ಲ. ಕಿರು ಆಹಾರ ಉದ್ಯಮಗಳಿಗೆ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ 35, ರಾಜ್ಯದ 15 ಸೇರಿ ಶೇಕಡಾ 50 ಸಹಾಯಧನವಿದೆ. ನಿನ್ನ ಬಂಗಾರ ಯಾಕೆ ಬೇಕು ಹೇಳು? ಅಷ್ಟರಲ್ಲಿ ಸ್ವಂತ ಉದ್ಯೋಗ ಕಲಿಸುವ ಸಂಸ್ಥೆಯಾದ ಉಜಿರೆಯ ರುಡ್‌ಸೆಟ್‌ನಲ್ಲಿ ತರಬೇತಿಗೆ ಅರ್ಜಿ ಹಾಕಲಿ, ಊಟ ವಸತಿ ಸಹಿತ ಉಚಿತವಾಗಿ ಕಲಿಸುತ್ತಾರೆ. ಗಣಪತಿ ಮಕ್ಕಳನ್ನು ನೋಡಿಕೊಳ್ಳಲಿ, ಲೆಕ್ಕವನ್ನೂ ಅವನೇ ಬರೆಯಲಿ. ಕೂತಲ್ಲೇ ಮಾಡುವ ಕೆಲಸ ಸಿಕ್ಕರೆ ಅವನ ಮನಸ್ಸೂ ಹಗುರಾಗುತ್ತದೆ.

ನಾಳೆ ಸುಧಾಳ ಖಾತೆಗೆ 30,000 ಹಾಕುತ್ತೇನೆ. ಸಾಮಾನು, ಕವರು, ಒಂದು ಒಳ್ಳೆಯ ತಕ್ಕಡಿಗೆ ಅಷ್ಟು ಸಾಕು. ಇದು ಸಾಲವಲ್ಲ. ನನಗೆ ಕಷ್ಟವಾಗುತ್ತದೆಂದು ನೀನು ಅಂದುಕೊಳ್ಳಬೇಡ, ಖಂಡಿತ ಆಗುವುದಿಲ್ಲ, ಈ ತಿಂಗಳು ರಾತ್ರಿ ಪಾಳಿಯ ಹೆಚ್ಚಿನ ಹಣವೂ ಬಂದಿದೆ. ಆ ಸರ ಅಜ್ಜಿ ನಿನ್ನ ಕೊರಳಿಗೆ ಹಾಕಿದ್ದು. ಅದು ಬ್ಯಾಂಕಿನ ಲಾಕರಿನಲ್ಲಿ ಚೀಟಿ ಕಟ್ಟಿಸಿಕೊಂಡು ಕೂತಿದೆ ಎಂದರೆ ನನಗೆ ಇಲ್ಲಿ ನಿದ್ದೆ ಬರುವುದಿಲ್ಲ.

ಪಾಳಿಗೆ ಹೊರಡಬೇಕು, ಬಸ್ಸಿಗೆ ಹತ್ತೇ ನಿಮಿಷ ಇದೆ. ಅಪ್ಪಯ್ಯ ಮಾತ್ರೆ ತಪ್ಪಿಸದಿರಲಿ. ಸರದ ವಿಷಯ ಏನಾಯಿತೆಂದು ಈ ಪತ್ರ ಸಿಕ್ಕಿದ ದಿನವೇ ಫೋನ್ ಮಾಡು.

ನಿನ್ನ ಮಗಳು,
ವೀಣಾ