ಹೆಸರಲ್ಲಿ ‘ಇಂಡಿಕಾ’ ಇದ್ದರೆ ಭಾರತದ ಗುಲಾಬಿಯೇ?

ಮಾನ್ಯ ಸಂಪಾದಕರೇ,

ನಿಮ್ಮ ಶನಿವಾರದ ವರದಿ ಓದಿ, ಆ ಗುಲಾಬಿ ಚಿತ್ರಗಳ ಪ್ರದರ್ಶನಕ್ಕೆ ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬನಶಂಕರಿಯಿಂದ ಎರಡು ಬಸ್ ಬದಲಾಯಿಸಿ ಹೋದೆವು. ಲಿಫ್ಟ್ ಕೆಟ್ಟಿತ್ತು. ಮಂಡಿನೋವಿನ ಅಮ್ಮ ಎರಡು ಮಹಡಿ ಹತ್ತಿದರು, ಮೇಲೆ ಕೂರಲು ಒಂದು ಕುರ್ಚಿ ಇಲ್ಲ. ಅದನ್ನೆಲ್ಲ ಸಹಿಸಿಕೊಂಡೆ, ಆದರೆ ಚಿತ್ರಗಳ ಕೆಳಗೆ ಅಂಟಿಸಿದ್ದ ಚೀಟಿ ನೋಡಿ ತಡೆಯಲಾಗಲಿಲ್ಲ.

ಫ್ರಾನ್ಸಿನಲ್ಲಿದ್ದ ಹೂಚಿತ್ರಕಾರ ರೆಡೂಟೆ ಬರೆದ ‘ರೋಸಾ ಇಂಡಿಕಾ’ ಕೆಳಗೆ ‘ಭಾರತದ ಗುಲಾಬಿ’ ಅಂತ ಹಾಕಿದ್ದಾರೆ! ಕೇಳಿದರೆ, "ಹೆಸರಲ್ಲೇ ಇಂಡಿಕಾ ಇದೆಯಲ್ಲ ಮೇಡಂ" ಅಂದರು ಅಲ್ಲಿದ್ದವರು. ಅದು ಚೀನಾದ ಗುಲಾಬಿ. ಅಲ್ಲಿಯ ತೋಟಗಳಲ್ಲಿ ಶತಮಾನಗಳಿಂದ ಬೆಳೆಸಿದ್ದು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಕಲ್ಕತ್ತದ ಮೇಲೆ ಹಾದು ಅದನ್ನು ಯುರೋಪಿಗೆ ಒಯ್ದವು, ಅದಕ್ಕೇ ಅಲ್ಲಿ ಬಂಗಾಳದ ಗುಲಾಬಿ ಅನ್ನೋ ಹೆಸರು ಬಂತು. ಯುರೋಪಿನ ಹಳೆಯ ಗುಲಾಬಿಗಳು ಹೆಚ್ಚಿನವು ವರ್ಷಕ್ಕೊಮ್ಮೆ ಹೂ ಬಿಡುತ್ತಿದ್ದವು, ಇದು ಮತ್ತೆ ಮತ್ತೆ ಬಿಡುತ್ತಿತ್ತು. ಅಲ್ಲಿಯವರು ಇದಕ್ಕೆ ಮುಗಿಬಿದ್ದಿದ್ದು ಅದಕ್ಕೇ ಅಲ್ವಾ?

ನಿಜವಾಗಿ ನಮ್ಮ ನೆಲದ್ದು ರೋಸಾ ಕ್ಲೈನೋಫಿಲ್ಲಾ. ಬಂಗಾಳದ ಜೌಗಿನಲ್ಲಿ, ನೀರು ನಿಂತ ಕಡೆಯೂ ಬದುಕುವ ಬಿಳಿ ಕಾಡುಗುಲಾಬಿ. 1817ರಿಂದ 1824ರವರೆಗೆ ಹೊರಬಂದ ರೆಡೂಟೆಯ ‘ಲೆ ರೋಸ್’ ಪುಸ್ತಕದಲ್ಲಿ ಅದರ ಚಿತ್ರವೂ ಇದೆ. ಇಲ್ಲಿ ಅದನ್ನು ಮೂಲೆಗೆ ತಳ್ಳಿ, ಕೆಳಗೆ ‘ಬಿಳಿ ಗುಲಾಬಿ, ಫ್ರಾನ್ಸ್’ ಅಂತ ಬರೆದಿದ್ದಾರೆ. ನನಗೆ ಹೊಟ್ಟೆ ಉರಿದುಹೋಯಿತು.

ಕಲ್ಕತ್ತದ ಕಂಪನಿ ತೋಟದ ಮುಖ್ಯಸ್ಥನಾಗಿದ್ದ ಸಸ್ಯವಿಜ್ಞಾನಿ ರಾಕ್ಸ್‌ಬರೊ ನಮ್ಮ ದೇಶದ ಕಲಾವಿದರಿಂದ 2500ಕ್ಕೂ ಹೆಚ್ಚು ಗಿಡಗಳ ಚಿತ್ರ ಬರೆಸಿದ. ಬರೆದವರಲ್ಲಿ ಹೆಚ್ಚಿನವರ ಹೆಸರು ಯಾರಿಗೂ ಗೊತ್ತಿಲ್ಲ. ಶಿವಮೊಗ್ಗದಲ್ಲಿ 1840ರ ದಶಕದಲ್ಲಿ ಸ್ಕಾಟ್ಲೆಂಡ್ ಮೂಲದ ವೈದ್ಯ, ಸಸ್ಯವಿಜ್ಞಾನಿ ಕ್ಲೆಗಾರ್ನ್‌ಗೆ ಚಿತ್ರ ಬರೆದುಕೊಟ್ಟ ಮರಾಠಿ ಕಲಾವಿದನದೂ ಇದೇ ಕಥೆ, ಚಿತ್ರಗಳು ಮಾತ್ರ ಎಡಿನ್‌ಬರೊದಲ್ಲಿ ಭದ್ರವಾಗಿವೆ. ಇಷ್ಟು ದೊಡ್ಡ ಪ್ರದರ್ಶನದಲ್ಲಿ ಇವರ ಬಗ್ಗೆ ಒಂದು ಸಾಲೂ ಇಲ್ಲ.

ನಮ್ಮ ಬಡಾವಣೆ ಪಾರ್ಕಿನದೂ ಇದೇ ಹಣೆಬರಹ. ಹೊಂಗೆ ಮರಕ್ಕೆ ‘ಬೇವು’ ಅಂತ ಬೋರ್ಡ್ ಹೊಡೆದು ಎರಡು ವರ್ಷವಾಯಿತು. ಮೂರು ಅರ್ಜಿ ಕೊಟ್ಟೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅಂತಾರೆ. ಮರಕ್ಕೆ ಹೊಡೆದ ಮೊಳೆಯನ್ನಾದರೂ ಕೀಳಬಾರದೇ?

ಆ ಚೀಟಿಗಳನ್ನು ಕೂಡಲೇ ಬದಲಾಯಿಸಿ, ಇಲ್ಲ ಪ್ರದರ್ಶನ ಮುಚ್ಚಿ. ಲಿಫ್ಟನ್ನೂ ಸರಿಮಾಡಿಸಿ. ಸಂಬಂಧಪಟ್ಟವರು ಏನಾದರೂ ಮಾಡಲೇಬೇಕು. ಓದದೆ, ಕೇಳದೆ ಸುಮ್ನೆ ಬೋರ್ಡ್ ಬರೆಯೋರಿಗೆ ನಾಚಿಕೆಯಾಗಬೇಕು.

— ಒಬ್ಬ ಓದುಗಳು, ಬನಶಂಕರಿ