ಸೇನಾ ಗಾಯನ ತಂಡದ ಪೂರ್ತಿ ಕಥೆ ಬರೆಯಿರಿ

ಮಾನ್ಯ ಸಂಪಾದಕರೇ,

ರಷ್ಯಾದ ಅಲೆಕ್ಸಾಂಡ್ರೊವ್ ಸೇನಾ ಗಾಯನ ತಂಡದ ಹಳೆಯ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಓಡಾಡುತ್ತವೆ. ಜೊತೆಗೆ ‘ಸಂಗೀತಕ್ಕೆ ಗಡಿಯಿಲ್ಲ’ ಅಂತ ಒಂದು ಸಾಲು. ಈ ತಂಡ ಹೊರದೇಶಗಳಲ್ಲಿ ಹಾಡಿದ ಬಗ್ಗೆ ಬರೆಯುವವರೂ ಎಷ್ಟೋ ಸಲ ಅಷ್ಟಕ್ಕೇ ನಿಲ್ಲಿಸುತ್ತಾರೆ. ಅದು ಅರ್ಧ ಕಥೆ. ಉಳಿದರ್ಧವನ್ನೂ ಪತ್ರಿಕೆಗಳು ಹೇಳಬೇಕು.

1948ರ ಆಗಸ್ಟ್ 9ರ ಬರ್ಲಿನ್ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. ಜಂಡಾರ್ಮೆನ್‌ಮಾರ್ಕ್ಟ್ ಚೌಕ. ಅಲ್ಲಿನ ಎರಡು ಚರ್ಚುಗಳು, ನಾಟಕಶಾಲೆ ಎಲ್ಲವೂ ಯುದ್ಧದಲ್ಲಿ ಹಾಳಾಗಿದ್ದವು. ಆ ಪಾಳುಗೋಡೆಗಳ ನಡುವೆ ಸಾವಿರಾರು ಜನ ಸೇರಿದ್ದರು. ತಂಡದ ಗಾಯಕ ವಿಕ್ಟರ್ ನಿಕಿಟಿನ್ ‘ಕಾಲಿಂಕಾ’ ಅನ್ನುವ ರಷ್ಯನ್ ಹಾಡನ್ನು ಹಾಡಿದರು. ಕೇಳಿದವರಿಗೆ ಗೊತ್ತು, ತಂಡ ಪಲ್ಲವಿಯನ್ನು ನಿಧಾನಕ್ಕೆ ಎತ್ತಿಕೊಂಡು ಹೋಗ್ತಾ ಹೋಗ್ತಾ ಓಡಿಸುತ್ತದೆ. ಆಮೇಲೆ ಉಳಿದ ದನಿಗಳೆಲ್ಲ ತಗ್ಗುತ್ತವೆ, ಒಬ್ಬನ ದನಿ ಮಾತ್ರ ಮೇಲಿನ ಸ್ವರದಲ್ಲಿ ಅಲುಗಾಡದೆ ನಿಲ್ಲುತ್ತದೆ. ಜನ ಬಿಡಲಿಲ್ಲ, ಮತ್ತೆ ಹಾಡಿಸಿದರು. ಜರ್ಮನ್ನರ ಜಾನಪದ ಹಾಡನ್ನು ಅವರ ಭಾಷೆಯಲ್ಲೇ ಹಾಡಿದ್ದೂ ಆಯಿತು. ಮೂರು ವರ್ಷದ ಹಿಂದಷ್ಟೇ ಈ ಗಾಯಕರ ಸೋವಿಯತ್ ಸೇನೆಯೇ ಆ ನಗರವನ್ನು ಗೆದ್ದಿತ್ತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಹೊತ್ತಿಗೆ ಬರ್ಲಿನ್ ದಿಗ್ಬಂಧನ ನಡೆದಿತ್ತು. ಜೂನ್ ಕೊನೆಯಲ್ಲಿ ಸೋವಿಯತ್ ಆಡಳಿತ, ಅಮೆರಿಕ, ಬ್ರಿಟನ್, ಫ್ರಾನ್ಸ್ ಹಿಡಿತದಲ್ಲಿದ್ದ ನಗರದ ಪಶ್ಚಿಮ ಭಾಗಕ್ಕೆ ಹೋಗುವ ರಸ್ತೆ, ರೈಲು, ಕಾಲುವೆ ದಾರಿಗಳನ್ನು ಮುಚ್ಚಿತ್ತು. 20 ಲಕ್ಷಕ್ಕೂ ಜಾಸ್ತಿ ಜನಕ್ಕೆ ಹಿಟ್ಟು, ಕಲ್ಲಿದ್ದಲು ವಿಮಾನದಲ್ಲಿ ಬರಬೇಕಿತ್ತು. ಆ ಚೌಕ ಇದ್ದದ್ದು ಸೋವಿಯತ್ ಹಿಡಿತದ ಭಾಗದಲ್ಲಿ. ದಾರಿ ಮುಚ್ಚಿದ ಸೇನೆಯ ಗಾಯಕರೇ ಅಲ್ಲಿ ನಿಂತು ಹಾಡಿದ್ದು! ಅವರ ಹಾಡು ಸುಳ್ಳಲ್ಲ, ಜನರ ಚಪ್ಪಾಳೆಯೂ ಸುಳ್ಳಲ್ಲ. ಕಳಿಸಿದವರ ಲೆಕ್ಕಾಚಾರ ಮಾತ್ರ ಬೇರೆ ಇತ್ತು.

ಈ ತಂಡ ಹುಟ್ಟಿದ್ದೇ ಕೆಂಪು ಸೇನೆ ಅಂತ ಕರೆಯುತ್ತಿದ್ದ ಸೋವಿಯತ್ ಸೇನೆಗಾಗಿ, 1928ರಲ್ಲಿ, ಬರೀ 12 ಜನರಿಂದ. 1937ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ದೊಡ್ಡ ಬಹುಮಾನ ಗೆದ್ದಿತು. ಅದೇ ವರ್ಷ ಅತ್ತ ಸ್ಟಾಲಿನ್ ಆಡಳಿತ ತನ್ನದೇ ಜನರನ್ನು ಲಕ್ಷಗಟ್ಟಲೆ ಹಿಡಿದು ಜೈಲಿಗೆ ತಳ್ಳುತ್ತಿತ್ತು, ಕೊಲ್ಲುತ್ತಿತ್ತು. ಇವತ್ತಿಗೂ ಇದು ರಷ್ಯಾದ ರಕ್ಷಣಾ ಸಚಿವಾಲಯದ ತಂಡವೇ.

2016ರ ಡಿಸೆಂಬರ್ 25ರಂದು ಸೋಚಿ ಬಳಿ ಕಪ್ಪು ಸಮುದ್ರಕ್ಕೆ ವಿಮಾನ ಬಿದ್ದು 92 ಜನ ಸತ್ತರು. ಅವರಲ್ಲಿ 64 ಮಂದಿ ಈ ತಂಡದವರು. ನಿರ್ದೇಶಕ ವಲೇರಿ ಖಲೀಲೊವ್ ಕೂಡ ಹೋದರು. ಇಡೀ ಗಾಯನ ವೃಂದವೇ ಹೆಚ್ಚುಕಮ್ಮಿ ಖಾಲಿಯಾಯಿತು. ನೆನೆದರೆ ಈಗಲೂ ಸಂಕಟವಾಗುತ್ತದೆ. ಅವರು ಹೊರಟಿದ್ದದ್ದು ಸಿರಿಯಾದ ಖ್ಮೇಮಿಮ್ ವಾಯುನೆಲೆಗೆ, ಹೊಸ ವರ್ಷಕ್ಕೆ ಸೈನಿಕರ ಮುಂದೆ ಹಾಡಲು. ರಷ್ಯಾದ ಯುದ್ಧ ವಿಮಾನಗಳು ಸಿರಿಯಾದ ಮೇಲೆ ಬಾಂಬ್ ಹಾಕಲು ಹಾರುತ್ತಿದ್ದದ್ದೂ ಅಲ್ಲಿಂದಲೇ. ಗಾಯಕರ ಸಾವಿಗೆ ಮರುಗುತ್ತಲೇ ಈ ಮಾತನ್ನೂ ಬರೆಯಬಹುದು, ಅಲ್ವಾ?

2022ರಲ್ಲಿ ಉಕ್ರೇನ್ ಮೇಲೆ ದಾಳಿ ಶುರುವಾದ ಮೇಲೆ, ಇವರ ಹಾಡನ್ನೇ ಕೇಳಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಕಿಟಿನ್ ದನಿಯನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಆದರೆ ಸುಮ್ನೆ ‘ಶಾಂತಿಯ ಹಾಡು’ ಅಂತ ತಲೆಬರಹ ಕೊಡುವುದೂ ಸರಿಯಲ್ಲ. ಮುಂದೆ ಇಂಥ ತಂಡದ ವಿದೇಶ ಪ್ರವಾಸದ ಸುದ್ದಿ ಹಾಕುವಾಗ, ಅವರನ್ನು ಕಳಿಸಿದ್ದು ಯಾರು, ಖರ್ಚು ಯಾರದು, ಆ ಹೊತ್ತಿಗೆ ಅವರ ಸೇನೆ ಎಲ್ಲಿ ಏನು ಮಾಡುತ್ತಿದೆ ಅನ್ನುವುದನ್ನೂ ದಯವಿಟ್ಟು ಸೇರಿಸಿ.

ಇಂತಿ,
ನಿಮ್ಮ ಓದುಗ, ಮೈಸೂರು