ಅಪ್ಪ ಮುಚ್ಚಿಟ್ಟಿದ್ದರಾ ಅಂತ ಕೇಳಿದ್ದೀಯಲ್ಲ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ತೀರಿಕೊಂಡ ಅಪ್ಪನ ಹೆಸರಲ್ಲಿ ಯಾವುದೋ ವಿಮೆ ಪಾಲಿಸಿ ಇದೆ ಅಂತ ಮನೆಗೆ ಒಂದು ಕಾಗದ ಬಂದಿದೆ ಅಂತ ಬರೆದಿದ್ದೀಯ. ಬೇರೆ ವಿಷಯ ಆಮೇಲೆ ಬರೆಯುತ್ತೇನೆ. ನಡುವೆ ಒಂದು ಸಾಲು ಬರೆದಿದ್ದೀಯಲ್ಲ, 'ಈ ಪಾಲಿಸಿ ನಿಜವೇ ಆದರೆ ಅಪ್ಪ ನಮ್ಮಿಂದ ಇನ್ನೂ ಏನೇನು ಮುಚ್ಚಿಟ್ಟಿದ್ದರೋ' ಅಂತ. ಅದನ್ನು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ. ದುಡ್ಡು ಬಂದರೂ ಸರಿ, ಬರದಿದ್ದರೂ ಸರಿ. ಆ ಅನುಮಾನ ನಿನ್ನ ಮನಸ್ಸಲ್ಲಿ ಬೇರು ಬಿಡಬಾರದು.

ಮೊದಲು ಆ ಕಾಗದ ನಿಜವಾ ಅಂತ ಗೊತ್ತಾಗಲಿ. ಅಪ್ಪನ ಪೂರ್ತಿ ಹೆಸರು, ಹುಟ್ಟಿದ ತಾರೀಖು ಎಲ್ಲ ಸರಿಯಾಗಿದೆ ಅಂತ ನಂಬಬೇಡ. ಪೇಪರಿನಲ್ಲಿ ಶ್ರದ್ಧಾಂಜಲಿ ಹಾಕಿಸಿದ್ದೆವು, ಫೋಟೋ, ಊರು, ಮಕ್ಕಳ ಹೆಸರು ಎಲ್ಲ ಅದರಲ್ಲಿತ್ತು. ಅಷ್ಟು ಸಾಕು ಮೋಸ ಮಾಡುವವರಿಗೆ. ಆ ಕಾಗದದಲ್ಲಿರುವ ನಂಬರಿಗೆ ಫೋನ್ ಮಾಡಲೇಬೇಡ. ಕಂಪನಿಯ ಹೆಸರು, ಪಾಲಿಸಿ ನಂಬರ್ ಬರೆದುಕೊಂಡು ಅವರ ಶಾಖೆಗೇ ಹೋಗಿ ಕೇಳು. ನಿನಗೆ ಇದು ಗೊತ್ತಿಲ್ಲ ಅಂತಲ್ಲ, ಗಾಬರಿಯಲ್ಲಿ ಮರೆತುಹೋಗುತ್ತೆ ಅಂತ ಹೇಳಿದೆ.

ನಿಜವೇ ಅಂತ ಆದರೆ? ಆಗಲೂ ಅವನು ಮುಚ್ಚಿಟ್ಟ ಅಂತ ಆಗುವುದಿಲ್ಲ, ಪುಟ್ಟಿ. ಎಷ್ಟೋ ವಿಮೆಗಳು ಮಾಡಿಸಿದವರಿಗೇ ನೆನಪಿರುವುದಿಲ್ಲ. 2015ರಲ್ಲಿ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ ಬಂತಲ್ಲ, ಬ್ಯಾಂಕಿನಲ್ಲಿ ಒಂದು ಫಾರಂಗೆ ಸಹಿ ಹಾಕಿದರೆ ಆಯಿತು, ವರ್ಷಕ್ಕೊಮ್ಮೆ ಖಾತೆಯಿಂದ ತಾನೇ ಕಟ್ ಆಗುತ್ತೆ. ಈಗ 436 ರೂಪಾಯಿ. ಪಾಸ್‌ಬುಕ್ಕಿನಲ್ಲಿ ಒಂದು ಸಣ್ಣ ಸಾಲು, ಯಾರು ನೋಡುತ್ತಾರೆ? ಆದರೆ ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ಪಿಎಫ್ ಇದ್ದ ಕೆಲಸದಲ್ಲಿ ಇರುವಾಗಲೇ ಹೋದರೆ ಇಡಿಎಲ್‌ಐ ಅಂತ ಇನ್ನೊಂದು ವಿಮೆ ಇದೆ, ಅದಕ್ಕೆ ಸಂಬಳದಿಂದ ಏನೂ ಹಿಡಿಯುವುದೇ ಇಲ್ಲ, ಕಂಪನಿಯೇ ಕಟ್ಟುತ್ತೆ. ಮನೆ ಸಾಲಕ್ಕೆ ಅಂಟಿಸಿ ಕೊಡುವ ವಿಮೆ ಇನ್ನೊಂದು. ಇದನ್ನೆಲ್ಲ ಊಟಕ್ಕೆ ಕೂತಾಗ ಯಾವ ಗಂಡಸು ಹೇಳುತ್ತಾನೆ ಹೇಳು. ಅಪ್ಪನ ಪಾಸ್‌ಬುಕ್ಕುಗಳಲ್ಲಿ ಜೀವನ್ ಜ್ಯೋತಿ ಹಣ ಕಟ್ ಆಗುವ ಮೇ ತಿಂಗಳ ಸಾಲುಗಳನ್ನು ಒಮ್ಮೆ ತಿರುವಿ ನೋಡು.

ನಮ್ಮ ಮನೆಯಲ್ಲಿ ದುಡ್ಡಿನ ಮಾತು ಆಡುವ ರೂಢಿಯೇ ಇರಲಿಲ್ಲ. ನಿಮ್ಮ ತಾತ ಹೋದ ಮೇಲೆ ಅವರ ಟ್ರಂಕು ತೆಗೆದೆವು. ತಳಕ್ಕೆ ಹಾಸಿದ್ದ ಹಳೇ ಪೇಪರಿನ ಕೆಳಗೆ ಪ್ರೀಮಿಯಂ ಕಟ್ಟಿದ ರಸೀತಿಗಳಿದ್ದವು. ಗುಂಡುಸೂಜಿ ತುಕ್ಕು ಹಿಡಿದು ಕಾಗದಕ್ಕೇ ಕಚ್ಚಿಕೊಂಡಿತ್ತು, ಬಿಡಿಸಲು ಹೋದರೆ ಮೂಲೆ ಉದುರಿತು. ಅಮ್ಮ ಅದನ್ನು ಕೈಯಿಂದ ಕಿತ್ತುಕೊಂಡು ಒಳಗಿಟ್ಟರು. 'ಹೋದವರ ದುಡ್ಡಿಗೆ ಕೈಚಾಚಿದರು ಅಂತ ಜನ ಅಂದಾರು' ಅಂದರು. ಯಾರೂ ಶಾಖೆಗೆ ಹೋಗಲಿಲ್ಲ. ನಿಮ್ಮಪ್ಪನ ಕಾಲೇಜು ಫೀಸಿಗೆ ಅಮ್ಮ ಬಳೆ ಅಡವಿಟ್ಟರು. ಆ ರಸೀತಿ ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತೆ. ನಿಮ್ಮ ತಾತ ಮುಚ್ಚಿಟ್ಟಿದ್ದಲ್ಲ, ತಿಂಗಳು ತಿಂಗಳು ನಮಗಾಗಿ ಕಟ್ಟಿದ್ದು. ಅದನ್ನು ಕೇಳಿ ತಿಳಿದುಕೊಳ್ಳುವವರು ಇರಲಿಲ್ಲ, ಅಷ್ಟೇ. ನಿಮ್ಮಪ್ಪನೂ ಅದೇ ಮನೆಯಲ್ಲಿ ಬೆಳೆದವನು.

ನೀನು ಬಾಯಿಬಿಟ್ಟು ಬರೆಯದಿದ್ದರೂ ನಾಮಿನಿ ಹೆಸರು ಬೇರೆ ಯಾರದೋ ಇದ್ದರೆ ಅನ್ನುವ ಭಯ ನಿನಗಿದೆ. ನನಗೆ ಅರ್ಥವಾಗುತ್ತೆ. ಮದುವೆಗೆ ಮುಂಚೆ ಮಾಡಿಸಿದ್ದಾದರೆ ನಿಮ್ಮಮ್ಮನ ಹೆಸರು ಇರುವುದಾದರೂ ಹೇಗೆ? ನಿಮ್ಮಜ್ಜಿಯದಿರಬಹುದು, ನನ್ನದೂ ಇರಬಹುದು. ಅಜ್ಜಿ ಈಗ ಇಲ್ಲ, ಹಾಗಾಗಿ ಅದು ವಾರಸುದಾರರಿಗೆ, ಅಂದರೆ ನಿಮಗೇ ಬರುತ್ತೆ. ನನ್ನ ಹೆಸರಿದ್ದರೂ ಅದು ನನ್ನ ದುಡ್ಡಲ್ಲ. ಅಕ್ಕ ನಾಮಿನಿ ಆದರೆ ಈಸಿಕೊಂಡು ವಾರಸುದಾರರಿಗೆ ಕೊಡಬೇಕಾದವಳು, ಕಾನೂನೂ ಹಾಗೇ ಇದೆ. ಎಲ್ಲಿ ಸಹಿ ಬೇಕೋ ಅಲ್ಲಿ ಹಾಕುತ್ತೇನೆ. ಇದನ್ನು ನಿಮ್ಮಮ್ಮನಿಗೂ ಓದಿ ಹೇಳು.

'ಏಳು ದಿನದೊಳಗೆ ಉತ್ತರಿಸಿ' ಅಂತ ಇದೆ ಅಂದೆಯಲ್ಲ, ನನಗೆ ಅದೇ ಸರಿಬರಲಿಲ್ಲ. ಯಾರೂ ಕೇಳದ ವಿಮೆ ಹಣ 10 ವರ್ಷ ಕಂಪನಿಯಲ್ಲೇ ಇರುತ್ತೆ. ಆಮೇಲೆ ಸರ್ಕಾರದ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತೆ. ಅಲ್ಲಿ ಸೇರಿದ ಮೇಲೂ 25 ವರ್ಷದವರೆಗೆ ಕೇಳಬಹುದು. ಏಳು ದಿನಕ್ಕೆ ಎಲ್ಲಿಗೂ ಓಡಿಹೋಗುವುದಿಲ್ಲ. ಪ್ರತಿ ಕಂಪನಿಯ ವೆಬ್‌ಸೈಟಿನಲ್ಲೂ ಹೀಗೆ ಉಳಿದ ಹಣ ಹುಡುಕುವ ಜಾಗ ಇದೆ. ಪಾಲಿಸಿ ನಂಬರ್, ಅಪ್ಪನ ಹೆಸರು, ಹುಟ್ಟಿದ ತಾರೀಖು, ಪಾನ್ ಹಾಕಿ ನೋಡು. ಅಲ್ಲಿ ಸಿಗದಿದ್ದರೂ ಶಾಖೆಯಲ್ಲಿ ಕೇಳದೆ ಬಿಡಬೇಡ.

ಫೀಸು, ಜಿಎಸ್‌ಟಿ, ತೆರಿಗೆ ಅಂತ ಮುಂಚೆ ದುಡ್ಡು ಕೇಳಿದರೆ ಅದು ಮೋಸವೇ. ಕ್ಲೇಮ್ ಹಣ ಕೊಡಲು ಕಂಪನಿ ಮೊದಲು ನಮ್ಮಿಂದ ದುಡ್ಡು ಕಟ್ಟಿಸಿಕೊಳ್ಳುವುದಿಲ್ಲ. ವಿಮಾ ಪ್ರಾಧಿಕಾರ ಐಆರ್‌ಡಿಎಐ ಕಡೆಯಿಂದ ಅಂತ ಯಾರಾದರೂ ಬೋನಸ್ ಆಸೆ ತೋರಿಸಿದರೂ ಅಷ್ಟೇ, ಅವರು ಬೋನಸ್ ಕೊಡುವವರಲ್ಲ. ಅನುಮಾನ ಬಂದರೆ ನೀನೇ ಅವರ 155255ಕ್ಕೆ ಮಾಡಿ ಕೇಳು. ಅಕಸ್ಮಾತ್ ನಿಮ್ಮಮ್ಮ ಆಗಲೇ ದುಡ್ಡು ಹಾಕಿಬಿಟ್ಟಿದ್ದರೆ ಬೈಯಬೇಡ, ಒಂದು ಗಂಟೆಯೂ ಕಾಯದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಜಾಸ್ತಿ ಹೇಳಿದೆನೇನೋ.

ಅವನ ಹತ್ತಿರ ಕೂತು ಇದನ್ನೆಲ್ಲ ಕೇಳಿ ಬರೆದಿಡಬೇಕಿತ್ತು, ನಾವು ಯಾರಾದರೂ. ಬಂದಾಗಲೆಲ್ಲ ನಿನ್ನ ಓದಿನ ಸುದ್ದಿಯೇ ಆಡುತ್ತಿದ್ದ, ನನಗೂ ಅದೇ ಸಾಕಾಗುತ್ತಿತ್ತು. ನಿನ್ನಿಂದ ಮುಚ್ಚಿಡುವ ಮನಸ್ಸು ಅವನಿಗಿರಲಿಲ್ಲ, ನಾನು ಅವನನ್ನು ಎತ್ತಿ ಆಡಿಸಿದವಳು.

ಕಾಗದದ ಎರಡೂ ಬದಿ, ಲಕೋಟೆಯ ಮೇಲಿನ ಅಂಚೆ ಮುದ್ರೆ ಸಮೇತ ಫೋಟೋ ತೆಗೆದು ನನಗೆ ಕಳಿಸು. ಆಧಾರ್, ಚೆಕ್ಕು ಯಾರಿಗೂ ಕೊಡಬೇಡ. ಶಾಖೆಗೆ ಯಾವತ್ತು ಹೋಗುತ್ತೀಯ ಅಂತ ಹೇಳು, ನಾನೂ ಬರುತ್ತೇನೆ.

ಇಂತಿ,
ನಿನ್ನ ಅತ್ತೆ